ಲೊಂಬಾರ್ಡಿ: ತೂಬಿನ ಲೆಕ್ಕದಲ್ಲಿ ಬೆಳೆದ ನಾಡು

ಏಪ್ರಿಲ್ ಕೊನೆಯ ವಾರ ಬಂತೆಂದರೆ ಉತ್ತರ ಇಟಲಿಯ ಲೊಮೆಲ್ಲಿನಾ ಬಯಲಿನಲ್ಲಿ ನೆಲವೇ ಕಾಣಿಸುವುದಿಲ್ಲ. ತೂಬುಗಳು ತೆರೆದು, ಕಾಲುವೆಯ ನೀರು ಮಡಿಯಿಂದ ಮಡಿಗೆ ಇಳಿದು, ಕಣ್ಣು ಹಾಯುವಷ್ಟು ದೂರವೂ ನೀರು ನಿಂತಿರುತ್ತದೆ. ಬದುಗಳು ಆ ನೀರಿನ ಮೇಲೆ ತೆಳ್ಳಗೆ ಗೀಚಿದ ಗೆರೆಗಳಂತೆ ಕಾಣುತ್ತವೆ. ಕಬ್ಬಿಣದ ಚಕ್ರ ಕಟ್ಟಿದ ಟ್ರ್ಯಾಕ್ಟರು ಕೆಸರು ಕಲಕುತ್ತಾ ಹೋದಂತೆ ಹಿಂದೆಯೇ ಬೆಳ್ಳಕ್ಕಿಗಳ ಹಿಂಡು ಇಳಿಯುತ್ತದೆ. ಆಕಾಶ ತಿಳಿಯಾಗಿದ್ದ ದಿನ ವಾಯವ್ಯ ದಿಕ್ಕಿನ ಮೋಂತೆ ರೋಸಾ ಶಿಖರದ ಹಿಮ ತಲೆಕೆಳಗಾಗಿ ಗದ್ದೆಯೊಳಗೆ ಮೂಡುತ್ತದೆ. ಭತ್ತದ ಗದ್ದೆಯಲ್ಲಿ ಹಿಮಪರ್ವತದ ನೆರಳು ಬಿದ್ದ ಈ ನೋಟ ಯುರೋಪಿನದು ಎಂದು ಚಿತ್ರದ ಕೆಳಗೆ ಬರೆಯದಿದ್ದರೆ ಯಾರೂ ಊಹಿಸಲಾರರು.

ಲೊಮೆಲ್ಲಿನಾ ಇರುವುದು ಲೊಂಬಾರ್ಡಿ ಪ್ರಾಂತ್ಯದಲ್ಲಿ. ಆ ಪ್ರಾಂತ್ಯದ ರಾಜಧಾನಿ ಮಿಲಾನ್ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉಡುಪಿನ ಹೊಸ ಮಾದರಿಗಳು, ಎರಡು ಫುಟ್‌ಬಾಲ್ ತಂಡಗಳು, ಲಿಯೊನಾರ್ಡೊ ಡಾ ವಿಂಚಿ ಗೋಡೆಯ ಮೇಲೆ ಬಿಡಿಸಿದ ಕೊನೆಯ ಭೋಜನದ ಚಿತ್ರ, ಇವೆಲ್ಲ ಪರಿಚಿತ. ಸುಮಾರು 23,860 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಎಂಟನೆಯ ಒಂದು ಭಾಗದಷ್ಟು ನೆಲದಲ್ಲಿ ಸುಮಾರು 1 ಕೋಟಿ ಜನ ಇದ್ದಾರೆ. ಇಟಲಿಯ ಆರು ಜನರಲ್ಲಿ ಒಬ್ಬರು ಇಲ್ಲಿಯವರು, ದೇಶದ ಒಟ್ಟು ಉತ್ಪನ್ನದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಇಲ್ಲಿಯದು. ಈ ಸಂಪತ್ತು ಎಲ್ಲಿಂದ ಬಂತು ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಫಲವತ್ತಾದ ಬಯಲು, ಆಲ್ಪ್ಸ್ ಪರ್ವತದ ಎಂದೂ ತೀರದ ನೀರು, ಪ್ರಕೃತಿಯ ಕೊಡುಗೆ. ಈ ಉತ್ತರ ಅರ್ಧ ಮಾತ್ರ ಸರಿ. ನೀರು ಪರ್ವತದ್ದು, ಬಯಲು ಮನುಷ್ಯರದ್ದು. ಎಂಟು ನೂರು ವರ್ಷ ಆ ನೀರನ್ನು ಅಳೆದು, ಹಂಚಿ, ಹಂಚಿಕೆಯ ಬಗ್ಗೆ ಜಗಳವಾಡಿ, ಜಗಳದಿಂದ ಕಾನೂನು ಮಾಡಿಕೊಂಡದ್ದರಿಂದ ಲೊಂಬಾರ್ಡಿ ಇಂದಿನ ಲೊಂಬಾರ್ಡಿಯಾಗಿದೆ.

ಹೂತುಹೋದ ಕೊಲ್ಲಿ

ಮೊದಲು ನೆಲದ ರಚನೆ. ಉತ್ತರಕ್ಕೆ ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಆಲ್ಪ್ಸ್, ದಕ್ಷಿಣಕ್ಕೆ ಇಟಲಿಯ ಅತಿ ಉದ್ದದ ನದಿ, 652 ಕಿ.ಮೀ. ಹರಿಯುವ ಪೊ. ಪ್ರಾಂತ್ಯದ ಹೆಚ್ಚುಕಡಿಮೆ ಅರ್ಧ ಭಾಗ ಬಯಲು, ಉಳಿದದ್ದರಲ್ಲಿ ಬಹುಪಾಲು ಪರ್ವತ, ನಡುವೆ ಒಂದು ಕಿರಿದಾದ ಗುಡ್ಡಸಾಲು. ಲಕ್ಷಾಂತರ ವರ್ಷಗಳ ಹಿಂದೆ ಈ ಬಯಲು ಆಡ್ರಿಯಾಟಿಕ್ ಸಮುದ್ರದ ಕೊಲ್ಲಿಯಾಗಿತ್ತು. ಪರ್ವತದಿಂದ ಇಳಿದ ನದಿಗಳು ತಂದು ಸುರಿದ ಕಲ್ಲು, ಮರಳು, ಜೇಡಿ ಅದನ್ನು ತುಂಬಿದವು. ಹಿಮಯುಗದ ಹಿಮನದಿಗಳು ಕಣಿವೆಗಳನ್ನು ಆಳವಾಗಿ ಕೊರೆದು ಹಿಂದೆ ಸರಿದಾಗ ಮಾಜ್ಜೊರೆ, ಕೋಮೊ, ಇಸೇಒ, ಗಾರ್ದಾ ಎಂಬ ಉದ್ದುದ್ದನೆಯ ಸರೋವರಗಳು ಉಳಿದುಕೊಂಡವು. ಕೋಮೊ ಸರೋವರದ ಆಳ 400 ಮೀಟರಿಗೂ ಹೆಚ್ಚು, ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಈ ನಾಲ್ಕರಿಂದ ಕ್ರಮವಾಗಿ ತಿಚಿನೊ, ಆದ್ದಾ, ಓಲ್ಯೊ, ಮಿಂಚೊ ನದಿಗಳು ಹೊರಟು ಪೊ ನದಿಯನ್ನು ಸೇರುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿದಾಗ ಬರುವ ನೀರನ್ನು ಸರೋವರಗಳು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಯಾರೂ ಕಟ್ಟದ ಜಲಾಶಯಗಳು ಇವು. 1940ರ ದಶಕದಲ್ಲಿ ಮಾಜ್ಜೊರೆ ಮತ್ತು ಕೋಮೊ ಸರೋವರಗಳ ಬಾಯಿಗೆ ಗೇಟು ಹಾಕಿದ ಮೇಲೆ ಅವು ಅಕ್ಷರಶಃ ಜಲಾಶಯಗಳೂ ಆದವು.

ಬಯಲಿನೊಳಗೂ ಎರಡು ಬಗೆಯ ನೆಲವಿದೆ, ಇಡೀ ಕತೆಗೆ ಇದೇ ಬೀಗದ ಕೈ. ಪರ್ವತದ ಬುಡಕ್ಕೆ ಹತ್ತಿರದ ಮೇಲಿನ ಬಯಲು ದಪ್ಪ ಜಲ್ಲಿಯದು. ಬಿದ್ದ ಮಳೆಯೆಲ್ಲ ಅದರೊಳಗೆ ಇಂಗಿ ಮೇಲ್ಮೈ ಒಣಗಿಯೇ ಇರುತ್ತದೆ. ಕೆಳಗಿನ ಬಯಲು ನುಣ್ಣನೆಯ ಜೇಡಿ ಮಣ್ಣಿನದು, ಅಲ್ಲಿ ನೀರು ಇಂಗುವುದೇ ಕಷ್ಟ. ಜಲ್ಲಿಯೊಳಗೆ ಇಳಿದು ಬಂದ ನೀರು ಜೇಡಿಗೆ ತಾಗಿದಾಗ ಮುಂದೆ ಹೋಗಲಾಗದೆ ಒರತೆಯಾಗಿ ಮೇಲೆ ಉಕ್ಕುತ್ತದೆ. ಇಂಥ ಒರತೆಗಳ ಸಾಲೊಂದು ಬಯಲಿನ ಉದ್ದಕ್ಕೂ ಹಬ್ಬಿದೆ. ಸ್ಥಳೀಯರು ಅವುಗಳನ್ನು ಅಗೆದು, ಬಾಯಿ ಅಗಲಿಸಿ, ಕಾಲುವೆಗೆ ಹರಿಯಬಿಟ್ಟು ಫೊಂತಾನೀಲಿ ಎಂದು ಕರೆದರು. ತುಮಕೂರು ಸೀಮೆಯ ತಲಪರಿಗೆಗಳನ್ನು ಬಲ್ಲವರಿಗೆ ಇದರ ಬಗೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು? ಮೇಲಿನ ಬಯಲು ಬರಡು ಕುರುಚಲು, ಕೆಳಗಿನದು ಜೌಗು. ಮಧ್ಯಯುಗದ ಬಹುಕಾಲ ಎಷ್ಟೋ ಕಡೆ ಹಾಗೆಯೇ ಇತ್ತು. ಮಿಲಾನಿನ ಚಿಂತಕ ಕಾರ್ಲೊ ಕತ್ತಾನೆಒ 1844ರಲ್ಲಿ ಲೊಂಬಾರ್ಡಿಯ ನೆಲ ಮತ್ತು ನಾಗರಿಕತೆಯ ಬಗ್ಗೆ ಬರೆದ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ: ಈ ನೆಲದ ಬಹುಪಾಲು ದುಡಿಮೆಯ ಫಲ, ಪೀಳಿಗೆಗಳು ಅದರಲ್ಲಿ ಹೂಡಿದ ಬಂಡವಾಳ.

ಸುಟ್ಟ ಊರು ತೋಡಿದ ಕಾಲುವೆ

ಇತಿಹಾಸದ ಹಾದಿಯಲ್ಲಿ ಈ ನೆಲ ಅನೇಕ ಒಡೆಯರನ್ನು ಕಂಡಿದೆ. ಕೆಲ್ಟಿಕ್ ಬುಡಕಟ್ಟಿನ ಇನ್ಸುಬ್ರಿಗಳಿಂದ ಕ್ರಿ.ಪೂ. 222ರಲ್ಲಿ ರೋಮನ್ನರು ಮಿಲಾನನ್ನು ಗೆದ್ದರು. ಕ್ರಿ.ಶ. 286ರಿಂದ 402ರವರೆಗೆ ಅದು ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಕ್ರೈಸ್ತರಿಗೆ ಧರ್ಮಾಚರಣೆಯ ಸ್ವಾತಂತ್ರ್ಯ ಕೊಟ್ಟ 313ರ ಶಾಸನದ ಜೊತೆಗೆ ಅಂಟಿಕೊಂಡಿರುವುದು ಈ ಊರಿನ ಹೆಸರು. 568ರಲ್ಲಿ ಉತ್ತರದಿಂದ ಇಳಿದ ಲೊಂಬಾರ್ಡ್ ಜನ ಪಾವಿಯಾವನ್ನು ರಾಜಧಾನಿ ಮಾಡಿಕೊಂಡು ಎರಡು ಶತಮಾನ ಆಳಿದರು. 774ರಲ್ಲಿ ಶಾರ್ಲಮೇನ್ ಅವರನ್ನು ಸೋಲಿಸಿದರೂ ನೆಲಕ್ಕೆ ಅವರ ಹೆಸರೇ ಉಳಿಯಿತು. ಇವೆಲ್ಲ ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ. ಬಯಲಿನ ಕತೆಯಲ್ಲಿ ಎದ್ದು ಕಾಣುವ ವರ್ಷಗಳು ಬೇರೆ.

1162ರಲ್ಲಿ ಜರ್ಮನ್ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೊಸ್ಸಾ ಮಿಲಾನನ್ನು ಮುತ್ತಿ ನೆಲಸಮ ಮಾಡಿದ. 1167ರಲ್ಲಿ ಸುತ್ತಲಿನ ನಗರಗಳು ಒಕ್ಕೂಟ ಕಟ್ಟಿಕೊಂಡವು, 1176ರ ಮೇ 29ರಂದು ಲೆನ್ಯಾನೊದಲ್ಲಿ ಚಕ್ರವರ್ತಿಯ ಸೈನ್ಯವನ್ನೇ ಸೋಲಿಸಿದವು. ಗೆದ್ದ ಊರು ಆಮೇಲೆ ಏನು ಮಾಡಿತು ಎನ್ನುವುದು ಮುಖ್ಯ. ಮಿಲಾನಿಗೆ ದೊಡ್ಡ ನದಿಯಿಲ್ಲ. ತಿಚಿನೊ ಪಶ್ಚಿಮಕ್ಕೆ ದೂರ, ಆದ್ದಾ ಪೂರ್ವಕ್ಕೆ ದೂರ. ಯುದ್ಧ ಮುಗಿದ ಮರುವರ್ಷ, 1177ರ ಸುಮಾರಿಗೆ, ತಿಚಿನೊದಿಂದ ಕಾಲುವೆ ತೋಡುವ ಕೆಲಸ ಶುರುವಾಯಿತು. ಮುಂದಿನ ಶತಮಾನದಲ್ಲಿ ಅದು ನಗರದ ಗೋಡೆಯವರೆಗೆ ಬಂದು, ಅಗಲವಾಗಿ, ದೋಣಿ ಓಡುವಂತಾಗಿ ನಾವಿಲ್ಯೊ ಗ್ರಾಂದೆ, ಅಂದರೆ ದೊಡ್ಡ ಕಾಲುವೆ ಎನಿಸಿತು. ಸುಮಾರು 50 ಕಿ.ಮೀ. ಉದ್ದದಲ್ಲಿ ಅದು ಇಳಿಯುವುದು ಮೂವತ್ತೈದು ಮೀಟರಿನಷ್ಟೂ ಇಲ್ಲ. ನೀರನ್ನು ಮಟ್ಟ ನೋಡಿ ಒಯ್ಯುವ ವಿದ್ಯೆ ಆ ಕಾಲಕ್ಕೇ ಎಷ್ಟು ಪಳಗಿತ್ತೆಂದು ಇದರಿಂದ ತಿಳಿಯುತ್ತದೆ. ನೆರೆಯ ಲೋದಿ ನಗರ 1220ರ ದಶಕದಲ್ಲಿ ಆದ್ದಾ ನದಿಯಿಂದ ಮುತ್ಸಾ ಕಾಲುವೆಯನ್ನು ತೆಗೆಯಿತು. ಇಂದಿಗೂ ಲೋದಿಯ ಹೊಲಗಳಿಗೆ ನೀರುಣಿಸುತ್ತಿರುವುದು ಅದೇ.

1386ರಲ್ಲಿ ಮಿಲಾನಿನ ಮಹಾಚರ್ಚಿನ ಕಟ್ಟಡ ಶುರುವಾದಾಗ ಅದರ ಅಮೃತಶಿಲೆ ಬಂದದ್ದೂ ಕಾಲುವೆಯ ಮೂಲಕವೇ. ಮಾಜ್ಜೊರೆ ಸರೋವರದ ಹತ್ತಿರದ ಕಾಂದೋಲ್ಯಾ ಗಣಿಯಿಂದ ದೋಣಿಗೆ ಹೇರಿದ ಬಂಡೆ ಸರೋವರ, ನದಿ, ನಾವಿಲ್ಯೊ ದಾಟಿ ನಗರದ ನಡುವಿನ ಕಟ್ಟೆಯವರೆಗೆ ನೀರಿನ ಮೇಲೆಯೇ ಬರುತ್ತಿತ್ತು. ಕಟ್ಟಡಕ್ಕೆ ಮೀಸಲು ಎಂಬ ಗುರುತಿದ್ದ ಸರಕಿಗೆ ಸುಂಕವಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಮಿಲಾನಿನ ಸ್ಫೋರ್ತ್ಸಾ ದೊರೆಗಳು ಆದ್ದಾದಿಂದ ಮಾರ್ತೆಸಾನಾ ಕಾಲುವೆ ತೆಗೆಸಿದರು. 1482ರ ಹೊತ್ತಿಗೆ ಅವರ ಆಶ್ರಯಕ್ಕೆ ಬಂದ ಲಿಯೊನಾರ್ಡೊ ಇಲ್ಲಿ ಕಾಲುವೆಗಳನ್ನು ಕಂಡುಹಿಡಿಯಲಿಲ್ಲ, ಅವುಗಳಿಂದ ಕಲಿತ. ದೋಣಿಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಸುವ ಗೇಟುಗಳು ಅವನು ಬರುವ ಎಷ್ಟೋ ಮೊದಲೇ ಮಿಲಾನಿನಲ್ಲಿದ್ದವು. ಕೋನವಾಗಿ ಕೂಡಿಕೊಳ್ಳುವ ಬಾಗಿಲುಗಳನ್ನು ಬಿಡಿಸಿ ತೋರಿಸಿದ್ದು ಅವನ ಸೇರ್ಪಡೆ.

ಚಳಿಗಾಲದ ಹುಲ್ಲು, ಕಲ್ಲಿನ ಕಿಂಡಿ

ಕಾಲುವೆ ತೋಡುವುದು ಬಲವಿದ್ದ ಯಾರಿಗೂ ಸಾಧ್ಯ. ಲೊಂಬಾರ್ಡಿಯ ನಿಜವಾದ ಸಾಧನೆ ಕಾಲುವೆ ಮುಗಿಯುವ ಜಾಗದಲ್ಲಿ, ನೀರು ಹೊಲಕ್ಕೆ ತಿರುಗುವಲ್ಲಿ ಕಾಣುತ್ತದೆ. 1135ರಲ್ಲಿ ಮಿಲಾನಿನ ದಕ್ಷಿಣದ ಜೌಗಿನಲ್ಲಿ ನೆಲೆಸಿದ ಕಿಯಾರವಾಲ್ಲೆ ಮಠದ ಸಿಸ್ಟರ್ಶಿಯನ್ ಸನ್ಯಾಸಿಗಳು ಮತ್ತು ಸುತ್ತಲಿನ ರೈತರು ಬೆಳೆಸಿದ ಮಾರ್ಚೀತಾ ಎಂಬ ಹುಲ್ಲುಗಾವಲನ್ನೇ ನೋಡಿ. ಒರತೆಯ ನೀರು ಚಳಿಗಾಲದಲ್ಲೂ ಸುಮಾರು 10 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ನೆಲವನ್ನು ತುಸು ಇಳಿಜಾರಾಗಿ ಹದಮಾಡಿ ಆ ನೀರನ್ನು ತೆಳ್ಳನೆಯ ಪದರವಾಗಿ ಹರಿಯಬಿಟ್ಟರೆ ಮಣ್ಣು ಹೆಪ್ಪುಗಟ್ಟುವುದಿಲ್ಲ. ಸುತ್ತಲೂ ಹಿಮ ಬಿದ್ದಿದ್ದರೂ ಅಲ್ಲಿ ಹುಲ್ಲು ಬೆಳೆಯುತ್ತದೆ, ವರ್ಷಕ್ಕೆ ಏಳೆಂಟು ಕೊಯ್ಲು ಸಿಗುತ್ತದೆ. ಚಳಿಗಾಲದಲ್ಲೂ ಹಸಿ ಹುಲ್ಲು ಸಿಕ್ಕ ಹಸುವಿನ ಹಾಲು ನಿಲ್ಲುವುದಿಲ್ಲ. ಮಿಕ್ಕ ಹಾಲನ್ನು ಕೆಡದಂತೆ ಇಡಲು ಗಟ್ಟಿ ಗಿಣ್ಣು, ಅಂದರೆ ಚೀಸ್, ಬಂತು. ಈ ಸೀಮೆಯ ಗ್ರಾನಾ ಗಿಣ್ಣಿನ ಹುಟ್ಟನ್ನು ಜನಶ್ರುತಿ ಇದೇ ಮಠಕ್ಕೆ ಸೇರಿಸುತ್ತದೆ. ಇಂದು ಇಟಲಿಯ ಹಾಲಿನಲ್ಲಿ ಶೇಕಡ 40ಕ್ಕೂ ಹೆಚ್ಚು ಲೊಂಬಾರ್ಡಿಯದು. ಕ್ರೆಮೋನಾ, ಮಾಂತುವಾ ಕಡೆಯ ದನದ ಕೊಟ್ಟಿಗೆಗಳಲ್ಲಿ ಈಗ ದುಡಿಯುವವರಲ್ಲಿ ಪಂಜಾಬಿನ ಸಿಖ್ಖರು ಬಹಳ.

ಭತ್ತ ಬಂದದ್ದು ಹದಿನೈದನೆಯ ಶತಮಾನದಲ್ಲಿ. 1475ರಲ್ಲಿ ಮಿಲಾನಿನ ಡ್ಯೂಕ್ ಗಲೆಯಾತ್ಸೊ ಮರಿಯಾ ಸ್ಫೋರ್ತ್ಸಾ ನೆರೆಯ ಫೆರಾರಾದ ದೊರೆಗೆ ಹನ್ನೆರಡು ಮೂಟೆ ಬಿತ್ತನೆ ಭತ್ತ ಕಳಿಸಿದ್ದು ದಾಖಲೆಯಲ್ಲಿದೆ. ಮುಂದೆ ಪಾವಿಯಾ ಜಿಲ್ಲೆ ಯುರೋಪಿನ ಅಕ್ಕಿಯ ಕಣಜವಾಯಿತು. ಮಿಲಾನಿನ ಕೇಸರಿ ಬಣ್ಣದ ರಿಸೊತ್ತೊ ಅನ್ನದ ಹಿಂದೆ ಇರುವುದು ಈ ಗದ್ದೆಗಳು.

ಒಂದು ಕಾಲುವೆಯಿಂದ ನೂರಾರು ಜನ ನೀರು ತೆಗೆದಾಗ ಯಾರಿಗೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಮೊದಲು ಕಿಂಡಿಯ ಗಾತ್ರವನ್ನಷ್ಟೇ ಅಳೆಯುತ್ತಿದ್ದರು. ಕಿಂಡಿ ಒಂದೇ ಗಾತ್ರದ್ದಾದರೂ ಕಾಲುವೆ ತುಂಬಿದಾಗ ಒತ್ತಡ ಹೆಚ್ಚಿ ಹೆಚ್ಚು ನೀರು ನುಗ್ಗುತ್ತದೆ, ಇಳಿದಾಗ ಕಡಿಮೆ. ಮೇಲ್ಗಡೆಯವನಿಗೆ ಲಾಭ, ಕೆಳಗಿನವನಿಗೆ ನಷ್ಟ. 1570ರ ದಶಕದಲ್ಲಿ ಜಾಕೊಮೊ ಸೊಲ್ದಾತಿ ಎಂಬ ಎಂಜಿನಿಯರ್ ಇದಕ್ಕೊಂದು ದಾರಿ ಕಂಡುಕೊಂಡ. ಕಲ್ಲಿನ ಚಪ್ಪಡಿಯಲ್ಲಿ ಸುಮಾರು 20 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಕಿಂಡಿ. ಅದರ ಮುಂದೆ ಒಂದು ಸಣ್ಣ ಕೋಣೆ, ಕೋಣೆಯ ಬಾಯಿಗೆ ಏರಿಸಿ ಇಳಿಸುವ ಹಲಗೆ. ಕಾಲುವೆಯಲ್ಲಿ ನೀರು ಎಷ್ಟೇ ಇರಲಿ, ಹಲಗೆಯನ್ನು ಸರಿಹೊಂದಿಸಿ ಕೋಣೆಯೊಳಗಿನ ನೀರು ಕಿಂಡಿಯ ಮೇಲಂಚಿಗಿಂತ ಸುಮಾರು 10 ಸೆಂ.ಮೀ. ಮೇಲಕ್ಕೆ ನಿಲ್ಲುವಂತೆ ನೋಡಿಕೊಳ್ಳಬೇಕು. ಹಾಗೆ ಹರಿದದ್ದು ಒಂದು ಓಂಚಾ. ಹೆಚ್ಚು ಹಕ್ಕುಳ್ಳವನಿಗೆ ಕಿಂಡಿಯ ಅಗಲ ಮಾತ್ರ ಹೆಚ್ಚು, ಎತ್ತರ ಎಲ್ಲರಿಗೂ ಒಂದೇ. ಅಂದಾಜಿನಲ್ಲಿ ಹೆಚ್ಚು ಪಡೆಯುತ್ತಿದ್ದವರು ಇದನ್ನು ವಿರೋಧಿಸಿದರು, ಆದರೂ ಅಳತೆ ನಿಂತಿತು. ದಿನದಿನದ ಉಸ್ತುವಾರಿಗೆ ಕಂಪಾರೊ ಎಂಬ ಕಾವಲುಗಾರನಿದ್ದ. ನಮ್ಮ ಕೆರೆಯ ನೀರುಗಂಟಿಯ ಕೆಲಸವೇ ಅವನದೂ.

ಇನ್ನೊಂದು ಕಾನೂನು ಇದಕ್ಕಿಂತಲೂ ದೊಡ್ಡದು. ನೀರಿನ ಹಕ್ಕಿದ್ದವನು ಅದನ್ನು ತನ್ನ ಹೊಲಕ್ಕೆ ಒಯ್ಯಲು ಬೇರೆಯವರ ಜಮೀನಿನಲ್ಲಿ ಕಾಲುವೆ ತೆಗೆಯಬಹುದು. ಜಮೀನಿನವನು ಪರಿಹಾರ ಕೇಳಬಹುದೇ ಹೊರತು ತಡೆಯುವಂತಿಲ್ಲ. 1216ರ ಮಿಲಾನಿನ ಕಟ್ಟಳೆಗಳ ಸಂಗ್ರಹದಲ್ಲೇ ನೀರಿನ ನಿಯಮಗಳಿವೆ, 1541ರ ಶಾಸನ ಸಂಗ್ರಹದಲ್ಲಿ ಅವು ಗಟ್ಟಿಯಾದವು, 1865ರಲ್ಲಿ ಒಗ್ಗೂಡಿದ ಇಟಲಿಯ ನಾಗರಿಕ ಸಂಹಿತೆಯೊಳಕ್ಕೂ ಈ ಹಕ್ಕು ಸೇರಿತು. ನೆಲದ ಒಡೆತನಕ್ಕಿಂತ ನೀರಿನ ಹಾದಿ ಮೇಲು ಎಂಬ ಈ ತೀರ್ಮಾನ ಇಲ್ಲದಿದ್ದರೆ ಬಯಲಿನ ಜಾಲ ನದಿಯ ದಂಡೆಯಿಂದ ಹತ್ತು ಮೈಲಿ ದಾಟುತ್ತಿರಲಿಲ್ಲ. ಭಾರತದಲ್ಲಿ ದೊಡ್ಡ ಕಾಲುವೆಗಳನ್ನು ಯೋಜಿಸುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ ತನ್ನ ಎಂಜಿನಿಯರ್ ರಿಚರ್ಡ್ ಬೇರ್ಡ್ ಸ್ಮಿತ್‌ನನ್ನು ಇದನ್ನೆಲ್ಲ ಅಭ್ಯಸಿಸಲು ಇಲ್ಲಿಗೆ ಕಳಿಸಿತ್ತು. ಲೊಂಬಾರ್ಡಿ ಮತ್ತು ನೆರೆಯ ಪೀಡ್‌ಮಾಂಟಿನ ನೀರಾವರಿ ಕುರಿತ ಅವನ ಎರಡು ಸಂಪುಟಗಳ ವರದಿ 1852ರಲ್ಲಿ ಹೊರಬಂತು. ಅದೇ ಸ್ಮಿತ್ ಮುಂದೆ ಕಾವೇರಿ, ಕೃಷ್ಣಾ, ಗೋದಾವರಿ ನದಿಗಳ ನೀರಾವರಿ ಕೆಲಸಗಳ ಮೇಲೂ ವರದಿ ಬರೆದ.

ಆಕ್ಷೇಪಗಳು ಎರಡು

ಈ ವಾದಕ್ಕೆ ಮೊದಲ ಆಕ್ಷೇಪ: ಲೊಂಬಾರ್ಡಿಯ ಹಣ ಬಂದದ್ದು ಗದ್ದೆಯಿಂದಲ್ಲ, ಅಂಗಡಿ, ಬ್ಯಾಂಕು, ಕಾರ್ಖಾನೆಗಳಿಂದ. ಮಧ್ಯಯುಗದಲ್ಲಿ ಲೊಂಬಾರ್ಡರು ಎಂದರೆ ಯುರೋಪಿಗೆಲ್ಲ ಸಾಲ ಕೊಡುವವರು ಎಂದೇ ಅರ್ಥ, ಲಂಡನ್ನಿನ ಒಂದು ಬೀದಿಗೆ ಇಂದಿಗೂ ಅವರ ಹೆಸರಿದೆ. ಈಗಂತೂ ಪ್ರಾಂತ್ಯದ ಆದಾಯದಲ್ಲಿ ಬೇಸಾಯದ ಪಾಲು ಅತ್ಯಲ್ಪ. ಈ ಮಾತು ಇಂದಿನ ಲೆಕ್ಕಕ್ಕೆ ಸರಿ, ನಿನ್ನೆಯ ಕಾರಣಕ್ಕೆ ಸಾಲದು. ಕಾರ್ಖಾನೆಗಳು ಎಲ್ಲಿ ಹುಟ್ಟಿದವು ಎಂದು ನೋಡಿದರೆ ಮತ್ತೆ ಅದೇ ನದಿ, ಅದೇ ಕಾಲುವೆ. ರೇಷ್ಮೆಯ ನೂಲು ತೆಗೆಯುವ, ಹತ್ತಿ ನೇಯುವ ಗಿರಣಿಗಳ ಚಕ್ರ ತಿರುಗಿದ್ದು ನೀರಿನಿಂದ. 1878ರಲ್ಲಿ ಆದ್ದಾ ದಂಡೆಯಲ್ಲಿ ಹತ್ತಿ ಗಿರಣಿಯ ಸುತ್ತ ಕಟ್ಟಿದ ಕಾರ್ಮಿಕರ ಊರು ಕ್ರೆಸ್ಪಿ ದಾದ್ದಾ ಈಗ ವಿಶ್ವ ಪರಂಪರೆಯ ತಾಣ. 1898ರಲ್ಲಿ ಅದೇ ನದಿಯ ಪಾದೆರ್ನೊ ಇಳಿತದಲ್ಲಿ ಹುಟ್ಟಿದ ವಿದ್ಯುತ್ತು ಮೂವತ್ತು ಕಿಲೋಮೀಟರು ದಾಟಿ ಬಂದು ಮಿಲಾನಿನ ಟ್ರಾಮುಗಳನ್ನು ಓಡಿಸಿತು. ಸರಿಸುಮಾರು ಅದೇ ಕಾಲದಲ್ಲಿ, 1891ರ ಹೊತ್ತಿಗೆ, 86 ಕಿ.ಮೀ. ಉದ್ದದ ವಿಲ್ಲೊರೇಸಿ ಕಾಲುವೆ ಮುಗಿದು ಮಿಲಾನಿನ ಉತ್ತರದ ಒಣ ಜಲ್ಲಿ ನೆಲಕ್ಕೂ ನೀರು ತಲುಪಿತು. ಕೈಗಾರಿಕೆಯೂ ಬೇಸಾಯವೂ ಒಂದೇ ನೀರಿನ ಲೆಕ್ಕದೊಳಗೆ ಬೆಳೆದವು.

ಎರಡನೆಯ ಆಕ್ಷೇಪ ನೈತಿಕವಾದದ್ದು, ಹೆಚ್ಚು ತೂಕದ್ದು. ಈ ಬಯಲನ್ನು ಕಟ್ಟಿದ ಕೈಗಳಿಗೆ ಸಿಕ್ಕಿದ್ದೇನು? ಅತ್ಯಂತ ಫಲವತ್ತಾದ ಈ ನೆಲದ ಕೂಲಿಗಳೇ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪೆಲ್ಲಾಗ್ರಾ ರೋಗದಿಂದ ಸತ್ತರು. ಚರ್ಮ ಒರಟಾಗಿ, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿಭ್ರಮಣೆಯಾಗುವ ಈ ಕಾಯಿಲೆಗೆ 1771ರಲ್ಲಿ ಆ ಹೆಸರನ್ನು ದಾಖಲಿಸಿದವನು ಮಿಲಾನಿನ ವೈದ್ಯ ಫ್ರಾಪೊಲ್ಲಿ. ಗೋಧಿ, ಅಕ್ಕಿ, ಗಿಣ್ಣು ಮಾರುಕಟ್ಟೆಗೆ ಹೋಗುತ್ತಿದ್ದವು. ಬೆಳೆದವರ ತಟ್ಟೆಯಲ್ಲಿ ಮೂರು ಹೊತ್ತೂ ಮೆಕ್ಕೆಜೋಳದ ಪೊಲೆಂತಾ ಹಿಟ್ಟೊಂದೇ ಇರುತ್ತಿತ್ತು. ಬರೀ ಅದನ್ನೇ ಉಂಡವರ ದೇಹಕ್ಕೆ ನಯಾಸಿನ್ ಎಂಬ ಜೀವಸತ್ವ ಸಿಗುವುದಿಲ್ಲ ಎಂದು ಗೊತ್ತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಭತ್ತದ ಗದ್ದೆಯಲ್ಲಿ ಕಳೆ ಕೀಳಲು ಬರುತ್ತಿದ್ದ ಮೊಂದೀನೆ ಎಂಬ ಕೂಲಿ ಹೆಂಗಸರು ದಿನವಿಡೀ ಮೊಣಕಾಲು ನೀರಿನಲ್ಲಿ ಬಾಗಿ ನಿಂತು ಮಲೇರಿಯಾ ಹಿಡಿಸಿಕೊಂಡರು. ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದ ಇಟಲಿಯ ಮೊದಲಿಗರಲ್ಲಿ ಅವರೂ ಇದ್ದರು. 1877ರಲ್ಲಿ ಇಟಲಿಯ ಸಂಸತ್ತು ಕೈಗೊಂಡ ಕೃಷಿ ವಿಚಾರಣೆಗೆ ಅಧ್ಯಕ್ಷನಾಗಿದ್ದ ಸ್ತೆಫಾನೊ ಯಾಚಿನಿ ಸ್ವತಃ ಲೊಂಬಾರ್ಡಿಯ ಜಮೀನ್ದಾರ. ಅವನ ವರದಿಯೂ ಹಳ್ಳಿಗರ ದುಸ್ಥಿತಿಯನ್ನು ಮುಚ್ಚಿಡಲಿಲ್ಲ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಒಪ್ಪಿಕೊಳ್ಳಬೇಕು. ಓಂಚಾ ಅಳೆದದ್ದು ಹಕ್ಕುದಾರರ ನಡುವಿನ ನೀರನ್ನು, ಹಕ್ಕೇ ಇಲ್ಲದವರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಬಯಲು ಪ್ರಕೃತಿಯ ಕೊಡುಗೆ ಎಂದರೆ ಆ ಹೆಂಗಸರ ಬೆನ್ನೂ ಆ ಕೂಲಿಗಳ ಹಸಿವೂ ಕತೆಯಿಂದಲೇ ಮಾಯವಾಗುತ್ತವೆ. ಅದು ದುಡಿಮೆಯಿಂದಾದದ್ದು ಎಂದಾಗಲೇ ಯಾರ ದುಡಿಮೆ ಎಂದು ಕೇಳಲು ಸಾಧ್ಯ.

ಹಿಮ ಬೀಳದ ವರ್ಷ

ಪ್ರಕೃತಿಯ ಪಾಲು ಎಷ್ಟು, ಮನುಷ್ಯರ ಪಾಲು ಎಷ್ಟು ಎಂಬುದನ್ನು 2022 ತೋರಿಸಿತು. ಆ ಚಳಿಗಾಲ ಆಲ್ಪ್ಸ್‌ನಲ್ಲಿ ಬಿದ್ದ ಹಿಮ ವಾಡಿಕೆಯ ಅರ್ಧಕ್ಕೂ ಕಡಿಮೆ, ವಸಂತದಲ್ಲಿ ಮಳೆಯೂ ಇಲ್ಲ. ಬೇಸಿಗೆಯಲ್ಲಿ ಪೊ ನದಿ 70 ವರ್ಷಗಳಲ್ಲಿ ಕಾಣದ ಮಟ್ಟಕ್ಕೆ ಇಳಿದು, ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ್ದ ಸರಕಿನ ದೋಣಿಯೊಂದು ಮರಳಿನ ಮೇಲೆ ಎದ್ದು ನಿಂತಿತು. ಜುಲೈನಲ್ಲಿ ಸರ್ಕಾರ ಲೊಂಬಾರ್ಡಿಯೂ ಸೇರಿ ಉತ್ತರದ ಐದು ಪ್ರಾಂತ್ಯಗಳಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಲೊಮೆಲ್ಲಿನಾದ ಗದ್ದೆಗಳು ಬಿರುಕುಬಿಟ್ಟವು. ಪರ್ವತದ ಅಣೆಕಟ್ಟುಗಳಲ್ಲಿ ನೀರು ಹಿಡಿದಿಟ್ಟಿದ್ದ ವಿದ್ಯುತ್ ಕಂಪನಿಗಳು, ದಂಡೆ ಒಣಗಬಾರದೆನ್ನುವ ಸರೋವರದೂರುಗಳು, ಕೆಳಗಿನ ರೈತರು ಮೂವರಿಗೂ ಒಂದೇ ನೀರು ಬೇಕಿತ್ತು. ಕಂಪನಿಗಳಿಂದ ಒಂದಿಷ್ಟು ಹೆಚ್ಚು ನೀರು ಬಿಡಿಸಲು ಪ್ರಾಂತ್ಯ ಸರ್ಕಾರ ಮಾತುಕತೆಗೆ ಇಳಿಯಬೇಕಾಯಿತು.

ಇಂಥ ಹೊತ್ತಿನಲ್ಲಿ ಕೇಳಿಬರುವ ಸಲಹೆ ಸುಲಭದ್ದು: ಗದ್ದೆಯಲ್ಲಿ ನೀರು ನಿಲ್ಲಿಸುವುದು ದಂಡ, ಹನಿ ನೀರಾವರಿಗೆ ಹೋಗಿ, ಒಣ ಬಿತ್ತನೆ ಮಾಡಿ. ಈ ಬಯಲಿನಲ್ಲಿ ಇದು ತಿಳಿದಷ್ಟು ಸರಳವಲ್ಲ. ಮೇಲಿನ ಗದ್ದೆಗಳಲ್ಲಿ ವಸಂತದಲ್ಲೇ ನಿಲ್ಲಿಸಿದ ನೀರು ಜಲ್ಲಿಯೊಳಗೆ ಇಂಗಿ, ಅಂತರ್ಜಲ ಏರಿಸಿ, ಬೇಸಿಗೆಯ ಹೊತ್ತಿಗೆ ಕೆಳಗೆ ಒರತೆಯಾಗಿ ಏಳುತ್ತದೆ. ಮೇಲಿನವನು ಸೋರಿಬಿಟ್ಟಿದ್ದು ಕೆಳಗಿನವನ ಬೆಳೆ. ಎಲ್ಲರೂ ಒಣ ನೆಲದಲ್ಲಿ ಬಿತ್ತಿ ಜೂನ್‌ನಲ್ಲಿ ಒಟ್ಟಿಗೆ ನೀರು ಕೇಳಿದರೆ ಅದೇ ಹೊತ್ತಿಗೆ ಮೆಕ್ಕೆಜೋಳಕ್ಕೂ ನೀರು ಬೇಕಿರುತ್ತದೆ, ಕಾಲುವೆಗೆ ಅಷ್ಟು ಹೊರುವ ಶಕ್ತಿಯಿಲ್ಲ, ಒರತೆಗಳೂ ಸೊರಗುತ್ತವೆ. ನೆಲದಡಿಯ ಈ ನಂಟಿಗೆ ಮಿಲಾನ್ ನಗರವೇ ಸಾಕ್ಷಿ. ನೀರೆತ್ತುತ್ತಿದ್ದ ದೊಡ್ಡ ಕಾರ್ಖಾನೆಗಳು ಮುಚ್ಚಿದ ಮೇಲೆ ಅಂತರ್ಜಲ ಏರಿ ಕಟ್ಟಡಗಳ ನೆಲಮಾಳಿಗೆಗಳಿಗೆ ನೀರು ನುಗ್ಗತೊಡಗಿತು.

ಹಾಗಾದರೆ ದಾರಿ ಯಾವುದು? ನೀರಿನ ಹಕ್ಕುಗಳನ್ನು ಬರೆದದ್ದು ಪರ್ವತದಲ್ಲಿ ಪ್ರತಿ ಚಳಿಗಾಲವೂ ಹಿಮ ಬೀಳುತ್ತದೆ ಎಂಬ ನಂಬಿಕೆಯ ಮೇಲೆ. ಇಟಲಿಯ ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ, ಲೊಂಬಾರ್ಡಿಯ ಗಡಿಯ ಅದಮೆಲ್ಲೊ, ವರ್ಷವರ್ಷ ಕುಗ್ಗುತ್ತಿರುವಾಗ ಆ ಹಳೆಯ ಅಂಕಿಗಳನ್ನು ಹಿಡಿದು ಕೂರುವುದು ತಪ್ಪು. ಯಾವ ಹಕ್ಕಿಗೆ ಎಷ್ಟು ಲೀಟರು ಎಂಬುದನ್ನು ಆ ವರ್ಷದ ಹಿಮ ನೋಡಿ ಅಳೆಯಬೇಕು, ಅಂತರ್ಜಲ ತುಂಬುವ ಗದ್ದೆಗೆ ಆ ಸೇವೆಯ ಬೆಲೆ ಕಟ್ಟಬೇಕು, ವಿದ್ಯುತ್ ಅಣೆಕಟ್ಟುಗಳನ್ನೂ ಅದೇ ಲೆಕ್ಕದೊಳಗೆ ತರಬೇಕು. ಹೆಚ್ಚು ಪಡೆಯುತ್ತಿರುವವರು ಈಗಲೂ ವಿರೋಧಿಸುತ್ತಾರೆ, ಸೊಲ್ದಾತಿಯ ಕಾಲದಲ್ಲೂ ವಿರೋಧಿಸಿದ್ದರು. ಅಂದಿಗಿಂತ ಇಂದು ಕಾಲಾವಕಾಶ ಮಾತ್ರ ಕಡಿಮೆ. 2023ರಲ್ಲಿ ಇಟಲಿಯ ಭತ್ತದ ಬಿತ್ತನೆ ಪ್ರದೇಶ ಬರಗಾಲದ ವರ್ಷಕ್ಕಿಂತಲೂ ಕೆಳಗಿಳಿಯಿತು.